ನೀರು ನಿಲ್ಲುವಲ್ಲಿ ಐರಿಸ್

ಕಾಲಿಂಪಾಂಗ್‌ನಿಂದ ಕಾಪುವಿನ ಅಂಚೆ ಕಚೇರಿಗೆ ಪಾರ್ಸೆಲ್ ಬಂದದ್ದು ಅದೇ ಮೊದಲ ಸಲವಿರಬೇಕು. ೧೯೭೮ರ ನವೆಂಬರ್ ತಿಂಗಳು. ಬಟ್ಟೆಯಲ್ಲಿ ಹೊಲಿದು ಅರಗು ಹಾಕಿದ ಪುಟ್ಟ ಪೆಟ್ಟಿಗೆಯನ್ನು ಪೋಸ್ಟ್‌ಮ್ಯಾನ್ ಎರಡು ಸಲ ಮೂಸಿ ನೋಡಿಯೇ ಆಸ್ಯಾಳ ಕೈಗೆ ಕೊಟ್ಟ. ಜಗಲಿಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದ ಅವಳ ಅಣ್ಣ ಪುತ್ತುಬ್ಬ, ಮಸ್ಕತ್ತಿನಿಂದ ಅವಳ ಗಂಡ ಹಾಜಬ್ಬ ಏನೋ ಕಳಿಸಿದ್ದಾನೆಂದು ಎದ್ದು ಬಂದ. ಆಸ್ಯಾ ಕತ್ತರಿಯಿಂದ ಹೊಲಿಗೆ ಬಿಚ್ಚಿದಳು. ಒಳಗೆ ಒಣ ಪಾಚಿಯ ನಡುವೆ ಒಂಬತ್ತು ಗಡ್ಡೆಗಳಿದ್ದವು. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ.

"ಶುಂಠಿಯಾ?" ಎಂದು ಕೇಳಿದ ಪುತ್ತುಬ್ಬ.

ಹೂವಿನ ಗಿಡ ಎಂದಳು ಆಸ್ಯಾ. ಪುತ್ತುಬ್ಬ ಒಂದು ಗಡ್ಡೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಮತ್ತೆ ಪೆಟ್ಟಿಗೆಗೆ ಹಾಕಿದ. ಪಡುಬಿದ್ರಿಯಲ್ಲಿ ಅವನಿಗೆ ದಿನಸಿ ಅಂಗಡಿಯಿತ್ತು. ಮಾರಲಿಕ್ಕೆ ಬಾರದ ವಸ್ತುವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿಯುವ ಅಭ್ಯಾಸ ಅವನಿಗಿರಲಿಲ್ಲ. ಹೂವೇ ಬೇಕಿದ್ದರೆ ಮಲ್ಲಿಗೆ ನೆಡಬಹುದಿತ್ತಲ್ಲ, ಮೊಗ್ಗು ಕಟ್ಟಿ ಕೊಟ್ಟರೆ ದಿನವೂ ಬಂದು ಕೊಂಡುಹೋಗುವವರಿದ್ದಾರೆ, ಸುತ್ತಲಿನ ಊರಲ್ಲೆಲ್ಲ ಹೆಂಗಸರು ಅದರಲ್ಲೇ ಮನೆ ನಡೆಸುವುದಿಲ್ಲವಾ ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆಸ್ಯಾ ಚೀಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಓದಲು ಪ್ರಯತ್ನಿಸುತ್ತಿದ್ದಳು. ಐದನೆಯ ತರಗತಿಯವರೆಗೆ ಕಲಿತ ಅವಳಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಇಂಗ್ಲಿಷಿನ ಅಕ್ಷರಗಳು ಮಾತ್ರ ಗೊತ್ತಿದ್ದವು.

ಈ ಹೂವಿನ ಹೆಸರು ಅವಳ ಕಿವಿಗೆ ಬಿದ್ದದ್ದು ಅದೇ ವರ್ಷದ ಏಪ್ರಿಲಿನಲ್ಲಿ, ಮಣಿಪಾಲದ ಆಸ್ಪತ್ರೆಯಲ್ಲಿ. ಮೂವತ್ತಮೂರನೆಯ ವಯಸ್ಸಿಗೆ ಅವಳ ಗರ್ಭಕೋಶ ತೆಗೆದರು. ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಪುತ್ತುಬ್ಬ ಕೇಳಿಸಿಕೊಂಡು, ಸಹಿ ಹಾಕಿ, ಆಮೇಲೆ ಅವಳಿಗೆ ತಿಳಿಸಿದ. ನೋಡಲು ಬಂದ ನೆಂಟರೆಲ್ಲ ಮಂಚದ ಬದಿಯಲ್ಲಿ ನಿಂತು ಒಂದೇ ಬಗೆಯ ಮುಖ ಮಾಡುತ್ತಿದ್ದರು. ಆ ಮುಖಗಳನ್ನು ನೋಡಲಾಗದೆ ಆಸ್ಯಾ ಎದುರು ಗೋಡೆಯನ್ನು ನೋಡುತ್ತಿದ್ದಳು. ಅಲ್ಲೊಂದು ಔಷಧಿ ಕಂಪೆನಿಯ ಕ್ಯಾಲೆಂಡರ್ ತೂಗುತ್ತಿತ್ತು. ಏಪ್ರಿಲ್ ತಿಂಗಳ ಪುಟದಲ್ಲಿ ಒಂದು ನೀಲಿ ಹೂ. ಮೂರು ಎಸಳು ಮೇಲಕ್ಕೆ ಎದ್ದು ನಿಂತಿದ್ದವು, ಮೂರು ಕೆಳಗೆ ಇಳಿದಿದ್ದವು. ಇಳಿದ ಎಸಳಿನ ಮೇಲೆ ಹಳದಿ ಕೂದಲಿನ ಸಾಲು. ಅದು ಪೂಜೆಗೂ ಮದುವೆಗೂ ಬಳಸುವ ಹೂವಿನ ಹಾಗೆ ಕಾಣಲಿಲ್ಲ. ಯಾರ ಅಪ್ಪಣೆಗೂ ಕಾಯದೆ ಸುಮ್ಮನೆ ಎದ್ದು ನಿಂತ ಹಾಗಿತ್ತು.

ವಾರ್ಡಿನ ನರ್ಸ್ ಆಲಿಸ್, ಕಾರ್ಕಳದ ಹತ್ತಿರದ ಕುಕ್ಕುಂದೂರಿನವಳು, ಅದರ ಹೆಸರು ಐರಿಸ್ ಎಂದು ಹೇಳಿದಳು. ಅದು ಚಳಿ ದೇಶದ್ದು, ನಮ್ಮಲ್ಲಿ ಬರುವುದಿಲ್ಲ ಎಂದೂ ಹೇಳಿದಳು.

ಮೇ ಒಂದರಂದು ಯಾರೋ ಪುಟ ತಿರುಗಿಸಿದರು. ಮೇ ತಿಂಗಳಿಗೆ ಒಂದು ಜಲಪಾತವಿತ್ತು. ಆಸ್ಯಾ ಆಲಿಸಳನ್ನು ಕರೆದು ಹಳೆಯ ಪುಟವನ್ನೇ ಹಾಕಲು ಕೇಳಿದಳು. ತಾರೀಖು ತಪ್ಪುತ್ತದೆ, ಡಾಕ್ಟರು ಬೈಯುತ್ತಾರೆ ಎಂದಳು ಆಲಿಸ್. ನನಗೆ ತಾರೀಖು ಬೇಡ ಎಂದಳು ಆಸ್ಯಾ. ಹತ್ತೊಂಬತ್ತು ದಿನಗಳಲ್ಲಿ ಆ ರೋಗಿ ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು ಎಂಬುದು ಆಲಿಸಳಿಗೆ ನೆನಪಾಯಿತು. ಅವಳು ಸ್ಟೂಲು ಹತ್ತಿ ಪುಟ ಹಿಂದಕ್ಕೆ ಮಡಚಿದಳು. ಆ ವಾರ್ಡಿನಲ್ಲಿ ಮೇ ಎಂಟರವರೆಗೂ ಏಪ್ರಿಲ್ ತಿಂಗಳೇ ನಡೆಯಿತು.

ಮನೆಗೆ ಬಂದ ಮೇಲೂ ಆಸ್ಯಾಳ ತಲೆಯಿಂದ ಅದು ಇಳಿಯಲಿಲ್ಲ. ಅವಳ ಆಯುಷ್ಯದಲ್ಲಿ ಅವಳು ಆರಿಸಿದ್ದು ಎಂಬುದು ಕಡಿಮೆ. ಶಾಲೆ ಬಿಡಿಸಿದವರು ತಂದೆ. ಗಂಡನನ್ನು ನೋಡಿದವನು ಅಣ್ಣ. ಸೀರೆಯ ಬಣ್ಣ ಕೂಡ ಮಸ್ಕತ್ತಿನಿಂದ ಬಂದ ಪೆಟ್ಟಿಗೆಯಲ್ಲಿ ಏನಿತ್ತೋ ಅದು. ಹಾಜಬ್ಬ ಕೆಟ್ಟವನಲ್ಲ, ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ, ತಿಂಗಳಿಗೊಂದು ಕಾಗದ ಬರೆಯುತ್ತಿದ್ದ. ಆದರೂ ಇದು ಬೇಕಾ ಅದು ಬೇಕಾ ಎಂದು ಅವಳನ್ನು ಕೇಳಿದವರು ಯಾರೂ ಇರಲಿಲ್ಲ.

ಅವಳ ಹೆಸರಿನಲ್ಲಿ ಇದ್ದದ್ದು ಒಂದೇ. ತಾಯಿ ರುಕಿಯಮ್ಮ ಸಾಯುವ ಮೊದಲು ಈ ಮನೆಯನ್ನೂ ಅದರ ಪಕ್ಕದ ಹತ್ತು ಸೆಂಟ್ಸ್ ತಗ್ಗು ಜಾಗವನ್ನೂ ಮಗಳಿಗೆ ಬರೆದು ಕೊಟ್ಟಿದ್ದರು. ಮನೆ ಹೆದ್ದಾರಿಯ ಬದಿಯಲ್ಲಿತ್ತು. ಬಂದರು ಕಡೆಯ ಗಾಳಿ ಬೀಸಿದರೆ ಬಟ್ಟೆ ಒಣಗುವ ಹಗ್ಗದ ಮೇಲೂ ಉಪ್ಪು ಕೂರುತ್ತಿತ್ತು. ತಗ್ಗು ಜಾಗದಲ್ಲಿ ಮಳೆಗಾಲವಿಡೀ ನೀರು ನಿಂತು ಕಪ್ಪೆಗಳು ಕೂಗುತ್ತಿದ್ದವು, ಬೇಸಿಗೆಯಲ್ಲಿ ಹುಲ್ಲು. ಅದಕ್ಕೆ ಮಣ್ಣು ತುಂಬಿಸಿ ಹೆದ್ದಾರಿಗೆ ಮುಖಮಾಡಿ ಐದು ಅಂಗಡಿ ಕಟ್ಟಿಸಬೇಕೆಂದು ಪುತ್ತುಬ್ಬ ತಾಯಿ ಇದ್ದಾಗಲೇ ಹೇಳುತ್ತಿದ್ದ.

ಆಸ್ಯಾ ಒಂದು ಭಾನುವಾರ ಪಡುಬಿದ್ರಿಗೆ ಹೋಗಿ ಅಲ್ಲಿಂದ ಕಾರ್ಕಳದ ಬಸ್ಸು ಹಿಡಿದು ಕುಕ್ಕುಂದೂರಿಗೆ, ಆಲಿಸಳ ಮನೆಗೆ ಹೋದಳು. ಆಲಿಸಳ ಪರಿಚಯದ ಕಾನ್ವೆಂಟಿನವರು ಡೇಲಿಯಾ ಗಡ್ಡೆಗಳನ್ನು ಹಿಮಾಲಯದ ತಪ್ಪಲಿನ ಕಾಲಿಂಪಾಂಗಿನ ಒಂದು ನರ್ಸರಿಯಿಂದ ತರಿಸುತ್ತಿದ್ದರು. ಆಸ್ಯಾ ಕೇಳಿದ್ದಕ್ಕೆ ಆಲಿಸ್ ಅವರಿಂದ ನರ್ಸರಿಯ ಗಿಡಗಳ ಪಟ್ಟಿ ತಂದಿಟ್ಟಿದ್ದಳು. ಅದರಲ್ಲಿ ಐರಿಸ್‌ಗೇ ನಾಲ್ಕು ಪುಟ. ಬಣ್ಣದ ಚಿತ್ರಗಳು ಒಂದು ಪುಟದಲ್ಲಿ ಮಾತ್ರ, ಎಲ್ಲವೂ ಎಸಳಿನ ಮೇಲೆ ಕೂದಲಿದ್ದ, ಗಡ್ಡದ ಐರಿಸ್ ಎನ್ನುವ ಜಾತಿ. ಇಬ್ಬರೂ ಚಾಪೆಯ ಮೇಲೆ ಕುಳಿತು ಮಧ್ಯಾಹ್ನವೆಲ್ಲ ನೋಡಿದರು. ಆಲಿಸ್ ಮತ್ತೊಮ್ಮೆ ಎಚ್ಚರಿಸಿದಳು, ಅವಳ ತಂದೆ ಪೀಟರ್ ಒಳಗಿನಿಂದಲೇ ಮಲ್ಲಿಗೆ ನೆಡಿ ಎಂದರು. ಆಸ್ಯಾ ಚಿತ್ರ ನೋಡಿ ಮೂರನ್ನು ಆರಿಸಿದಳು. ನೀಲಿ ಒಂದು, ಬೆಲ್ಲದ ಬಣ್ಣದ್ದೊಂದು, ಬಿಳಿ ಒಂದು. ಒಂದೊಂದರಲ್ಲಿ ಮೂರು.

ಹಾಗೆ ಬಂದದ್ದು ಆ ಒಂಬತ್ತು ಗಡ್ಡೆಗಳು. ಬಾವಿಕಟ್ಟೆಯ ಪಕ್ಕದಲ್ಲಿ ಮಣ್ಣು ಹದ ಮಾಡಿ, ಒಣ ಸೆಗಣಿ ಪುಡಿ ಬೆರೆಸಿ ನೆಟ್ಟಳು. ಹದಿನೈದು ದಿನಗಳಲ್ಲಿ ಕತ್ತಿಯಂಥ ಬೂದುಹಸಿರು ಎಲೆಗಳು ಬಂದವು. ಮಾರ್ಚ್ ಆಯಿತು, ಏಪ್ರಿಲ್ ಆಯಿತು, ಹೂ ಬರಲಿಲ್ಲ. ಎಲೆಗಳಂತೂ ಇದ್ದವು, ಬಿಸಿಲಿಗೆ ತುದಿ ಸುಟ್ಟುಕೊಂಡು. ಜೂನಿನಲ್ಲಿ ಮಳೆ ಹಿಡಿಯಿತು. ಒಂದು ವಾರ ಬಿಡದೆ ಸುರಿದ ಮೇಲೆ ಬಾವಿಯ ಹತ್ತಿರ ಕೊಳೆತ ವಾಸನೆ ಬಂತು. ಎಲೆ ಹಿಡಿದು ಎಳೆದರೆ ಹಾಗೆಯೇ ಕೈಗೆ ಬಂತು. ಕೆಳಗೆ ಗಡ್ಡೆ ಗಂಜಿಯಾಗಿತ್ತು. ಒಂಬತ್ತೂ ಹಾಗೇ.

ಪುತ್ತುಬ್ಬ ಬಂದು ನೋಡಿ ನಕ್ಕ. ಅವನ ನಗುವಿನಲ್ಲಿ ವಿಷವೇನೂ ಇರಲಿಲ್ಲ, ಮಗು ಆಟಿಕೆ ಮುರಿದುಕೊಂಡಾಗ ದೊಡ್ಡವರು ನಗುವ ನಗು. ಆಸೆ ತೀರಿತಲ್ಲ, ಮಳೆ ಕಳೆಯಲಿ, ಮಣ್ಣು ಹಾಕಿಸೋಣ ಎಂದ. ಆಸ್ಯಾಳಿಗೆ ಆ ನಗು ಆಸ್ಪತ್ರೆಯ ಮಂಚದ ಬದಿಯ ಮುಖಗಳಿಗಿಂತ ಹೆಚ್ಚು ನೋವು ಮಾಡಿತು. ಅವಳು ಕೈ ತೊಳೆದುಕೊಂಡು ಒಳಗೆ ಹೋಗಿ, ಆಲಿಸಳಿಗೆ ಒಂದು ಕಾರ್ಡು ಬರೆದಳು. ನರ್ಸರಿಯವರಿಗೆ ಒಂದು ಕಾಗದ ಬರೆಯಬೇಕು, ಇಂಗ್ಲಿಷಿನಲ್ಲಿ ಬರೆದುಕೊಡು, ಏನು ಬರೆಯಬೇಕೆಂದು ನಾನು ಹೇಳುತ್ತೇನೆ ಎಂದು.

ಆಲಿಸ್ ಬರೆದುಕೊಟ್ಟ ಕಾಗದ ಹೀಗಿತ್ತು: ನಿಮ್ಮ ಗಿಡಗಳು ಸತ್ತವು. ತಪ್ಪು ನಿಮ್ಮದಲ್ಲ. ನಮ್ಮಲ್ಲಿ ನಾಲ್ಕು ತಿಂಗಳು ಮಳೆ, ಚಳಿ ಎಂಬುದಿಲ್ಲ, ಕಡಲ ಗಾಳಿಯುಂಟು, ಮಣ್ಣು ಕೆಂಪು. ನನ್ನ ಜಾಗದಲ್ಲಿ ನೀರು ನಿಲ್ಲುತ್ತದೆ. ಇಂಥಲ್ಲಿ ಬದುಕುವ ಐರಿಸ್ ಯಾವುದು? ಯಾವುದೂ ಇಲ್ಲವೆಂದಾದರೆ ಹಾಗೆಂದೇ ಬರೆಯಿರಿ.

ಮೂರು ವಾರ ಬಿಟ್ಟು ಉತ್ತರ ಬಂತು. ಟೈಪು ಮಾಡಿದ ಒಂದು ಪುಟ, ಕೊನೆಯಲ್ಲಿ ನಡುಗುವ ಕೈಯ ಸಹಿ, ಯಾರೋ ವಯಸ್ಸಾದವರದ್ದು. ಗಡ್ಡದ ಜಾತಿಯನ್ನು ಪೂರ್ತಿ ಮರೆತುಬಿಡಿ ಎಂದು ಅವರು ಬರೆದಿದ್ದರು. ನಿಮ್ಮಲ್ಲಿಗೆ ಖಚಿತ ಎಂಬುದು ಯಾವುದೂ ಇಲ್ಲ, ಆದರೆ ನಾಲ್ಕನ್ನು ಪ್ರಯತ್ನಿಸಬಹುದು. ನೀರಿನಲ್ಲೇ ಬೇರು ಬಿಡುವ ಹಳದಿ ಒಂದು. ಅಮೆರಿಕದ ಜೌಗಿನ ನೀಲಿ ಒಂದು. ಲಿಲಿ ಎಂದು ಕರೆಸಿಕೊಳ್ಳುವ, ಆದರೆ ಐರಿಸ್ಸಿನ ಬಳಗದ್ದೇ ಆದ, ಕಿತ್ತಳೆಯ ಮೇಲೆ ಚಿರತೆಯ ಚುಕ್ಕೆಯಿರುವ ಹೂ. ಕೊನೆಯದು ನಡೆಯುವ ಐರಿಸ್. ಅದರ ಹೂವಿನ ದಂಟಿನ ತುದಿಯಲ್ಲೇ ಮರಿಗಿಡ ಹುಟ್ಟುತ್ತದೆ, ಭಾರಕ್ಕೆ ದಂಟು ಬಾಗಿ ನೆಲ ಮುಟ್ಟುತ್ತದೆ, ಅಲ್ಲಿ ಬೇರು ಬಿಡುತ್ತದೆ, ಹೀಗೆ ಹೆಜ್ಜೆ ಇಡುತ್ತ ಹೋಗುತ್ತದೆ. ಮೊದಲೆರಡಕ್ಕೆ ಕಾಲು ನೀರಿನಲ್ಲಿರಬೇಕು, ಕೊನೆಯೆರಡಕ್ಕೆ ಕಾಲಡಿಯಲ್ಲಿ ನೀರು ನಿಲ್ಲಬಾರದು. ಕೆಳಗೆ ಒಂದು ಪ್ರಶ್ನೆಯಿತ್ತು. ನೀರು ನಿಲ್ಲುತ್ತದೆ ಎಂದಿದ್ದೀರಿ. ಎಲ್ಲಿ, ಎಷ್ಟು ಆಳ, ಎಷ್ಟು ದಿನ?

ಆಲಿಸ್ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ಆಸ್ಯಾ ಆ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿದಳು. ಆ ಹತ್ತು ಸೆಂಟ್ಸ್ ಜಾಗದ ಬಗ್ಗೆ ಬಾಯಿಬಿಟ್ಟವರೆಲ್ಲ ಅದನ್ನು ಏನು ಮಾಡಬೇಕೆಂದು ಹೇಳಿದವರೇ. ಅದು ಹೇಗುಂಟು ಎಂದು ಕೇಳಿದವರು ಇವರೊಬ್ಬರು.

ಇನ್ನೂ ಜುಲೈ. ಮಳೆ ಮುಗಿದಿರಲಿಲ್ಲ. ಆಸ್ಯಾ ಮರುದಿನವೇ ಕೊಡೆ ಹಿಡಿದು ತಗ್ಗಿಗೆ ಇಳಿದಳು. ತೆಂಗಿನ ಗರಿಯ ಹದಿನಾಲ್ಕು ದಂಟುಗಳನ್ನು ಚೂಪು ಮಾಡಿ ಅಲ್ಲಲ್ಲಿ ಹುಗಿದಳು. ಪ್ರತಿ ಬೆಳಿಗ್ಗೆ ಗಂಜಿಗೆ ನೀರಿಟ್ಟು ಬಂದು, ಯಾವ ದಂಟಿನಲ್ಲಿ ನೀರು ಎಷ್ಟು ಗೇಣು ಏರಿದೆ ಎಂದು ನೋಡಿ, ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ಪೆನ್ಸಿಲಿನಿಂದ ಬರೆದಳು. ಹಿಂದಿನ ಮನೆಯ ಅಕ್ಕು, ಮೀನು ಮಾರಲು ಹೋಗುವಾಗ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ನಿಂತು, ಎಂತ ಹುಡುಕುತ್ತೀ ಎಂದು ಕೇಳಿದಳು. ನೀರು ಎಲ್ಲಿ ನಿಲ್ಲುತ್ತದೆಂದು ನೋಡುತ್ತಿದ್ದೇನೆ ಎಂದಳು ಆಸ್ಯಾ. ಅಕ್ಕು ನಗಲಿಲ್ಲ. ತನ್ನ ಅಂಗಳಕ್ಕೆ ನೀರು ಬಾರದಿರುವುದು ಈ ತಗ್ಗು ಇರುವುದರಿಂದಲೇ ಎಂದು ಹೇಳಿ ಹೋದಳು.

ಅಕ್ಟೋಬರ್ ಮೂರಕ್ಕೆ ಕಡೆಯ ದಂಟಿನ ಬುಡ ಒಣಗಿತು. ಅಷ್ಟು ಹೊತ್ತಿಗೆ ಆಸ್ಯಾಳಿಗೆ ತನ್ನ ಜಾಗ ಅಂಗೈಯಂತೆ ಗೊತ್ತಿತ್ತು. ನಡುವಿನ ಬಟ್ಟಲಿನಂಥ ಜಾಗ ಹಳದಿಗೆ. ಅದರ ಅಂಚು, ನೀರು ಬಂದು ಹೋಗುವಲ್ಲಿ, ಜೌಗಿನ ನೀಲಿಗೆ. ಉಳಿದೆರಡಕ್ಕೆ ಎತ್ತರದ ಪಾತಿ ಬೇಕು. ಅಂಥ ಎತ್ತರ ಅವಳ ಜಾಗದಲ್ಲಿ ಎಲ್ಲೂ ಇರಲಿಲ್ಲ. ಆದರೂ ನಾಲ್ಕನ್ನೂ ಕಳಿಸಿ ಎಂದು ಬರೆಸಿದಳು. ಈ ಸಲ ಚಿತ್ರ ನೋಡಲು ಅವಳು ಪಟ್ಟಿಯನ್ನು ತೆರೆಯಲೇ ಇಲ್ಲ.

ಪುತ್ತುಬ್ಬನೂ ಸುಮ್ಮನಿರಲಿಲ್ಲ. ಡಿಸೆಂಬರಿನಲ್ಲಿ ಹಾಜಬ್ಬನ ಕಾಗದ ಬಂತು. ಅಣ್ಣ ಬರೆದಿದ್ದಾರೆ, ಅಂಗಡಿ ಕಟ್ಟಿಸಿದರೆ ಒಳ್ಳೆಯದೇ, ಅವರು ಹೇಳಿದಂತೆ ಮಾಡು, ಹೂವಿನ ಹುಚ್ಚಿಗೆ ಮನೆಯ ಮುಂದೆ ಎರಡು ಕುಂಡ ಇಟ್ಟರೆ ಸಾಲದೇ ಎಂದಿತ್ತು. ಆಸ್ಯಾ ಅದನ್ನು ಹಿಡಿದುಕೊಂಡು ಮಣಿಪಾಲಕ್ಕೆ ಹೋದಳು. ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕುಳಿತು ಆಲಿಸ್ ಓದಿದಳು. ಆಲಿಸಳಿಗೆ ಒಂದು ಉಪಾಯ ಹೊಳೆಯಿತು. ಮಣ್ಣು ತುಂಬಿದರೆ ಅಕ್ಕುವಿನ ಮನೆಗೆ ನೀರು ನುಗ್ಗುತ್ತದೆ, ಅದಕ್ಕಾಗಿ ಬೇಡ ಅಂತ ಬರಿ. ಆಗ ಯಾರೂ ಏನೂ ಹೇಳುವ ಹಾಗಿಲ್ಲ.

"ಅದೂ ನಿಜ," ಎಂದಳು ಆಸ್ಯಾ. "ಆದರೆ ಅದು ನನ್ನ ಕಾರಣ ಅಲ್ಲ. ಅಕ್ಕುವಿನ ಹಿಂದೆ ನಾನು ಅಡಗಿ ನಿಲ್ಲುವುದಿಲ್ಲ."

ಅವಳು ಬರೆದ ಉತ್ತರ ಅರ್ಧ ಪುಟ ಕೂಡ ಆಗಲಿಲ್ಲ. ಎಲ್ಲರೂ ಕ್ಷೇಮ ಎಂದು ಬರೆದ ಮೇಲೆ ಹೀಗೆ ಬರೆದಳು: ಆ ಜಾಗದಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆಂದು ನಿಮಗೆ ಗೊತ್ತುಂಟಾ? ಕಾಕನಿಗೆ ಗೊತ್ತುಂಟಾ? ನನಗೆ ಗೊತ್ತುಂಟು. ಅದನ್ನು ಏನು ಮಾಡಬೇಕೆಂಬುದೂ ನನಗೆ ಗೊತ್ತುಂಟು. ನಾನು ಅಂಗಡಿ ಕಟ್ಟಿಸುವುದಿಲ್ಲ.

ಅವರ ಮನೆಮಾತಿನಲ್ಲಿ ಕಾಕ ಎಂದರೆ ಅಣ್ಣ. ಹುಟ್ಟಿದಂದಿನಿಂದ ಪುತ್ತುಬ್ಬನನ್ನು ಅವಳು ಹಾಗೆಯೇ ಕರೆದದ್ದು, ಅವನೆದುರು ದನಿ ಏರಿಸಿದ್ದಿಲ್ಲ.

ಜನವರಿಯ ಎರಡನೆಯ ವಾರ ಪಾರ್ಸೆಲ್ ಬಂತು. ಅದಾಗಿ ಮೂರು ದಿನಕ್ಕೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ತಗ್ಗಿನ ಪಕ್ಕ ಒಂದು ಲಾರಿ ಬಂದು ನಿಂತಿತು, ತುಂಬ ಕೆಂಪು ಮಣ್ಣು. ಅದರ ಹಿಂದೆ ಇನ್ನೊಂದು. ಮುಂದಿನ ಲಾರಿಯ ಡ್ರೈವರ್ ಬ್ಯಾಪ್ಟಿಸ್ಟ್ ಇಳಿದು ಹಿಂದಿನ ಬಾಗಿಲಿನ ಕೊಂಡಿಗೆ ಕೈ ಹಾಕಿದ್ದ. ಆಸ್ಯಾ ತಲೆಯ ಮೇಲೆ ಸೆರಗೆಳೆದುಕೊಂಡು ಓಡುತ್ತ ಬಂದಳು.

"ಇಲ್ಲಿ ಎಂತ ಮಾಡುತ್ತೀರಿ?"

"ಮಣ್ಣು ಸುರಿಯಲಿಕ್ಕೆ ಅಕ್ಕ. ಪುತ್ತುಬ್ಬ ಸಾಹುಕಾರ್ರು ಹೇಳಿದ್ದು. ಇಂದು ಎಂಟು ಲೋಡು."

"ಜಾಗ ಯಾರದ್ದು ಅಂತ ಕೇಳಿದಿರಾ?"

ಬ್ಯಾಪ್ಟಿಸ್ಟ್ ಕೇಳಿರಲಿಲ್ಲ. ಮಣ್ಣು ಹಾಕುವ ಜಾಗ ಯಾರದೆಂದು ಕೇಳುವುದು ಅವನ ಕೆಲಸವೂ ಆಗಿರಲಿಲ್ಲ. ತನ್ನದು ಎಂದಳು ಆಸ್ಯಾ, ಜಾಗದ ಪತ್ರ ಒಳಗಿದೆ, ತಂದು ತೋರಿಸುತ್ತೇನೆ. ಅವನು ಬೇಡ ಎಂದು ತಲೆಯಾಡಿಸಿದ. ಸಾಹುಕಾರ್ರು ಮಣ್ಣಿಗೆ ಹಣ ಮೊದಲೇ ಕೊಟ್ಟಾಗಿದೆ, ತುಂಬಿದ ಲಾರಿಯನ್ನು ಹೀಗೆಯೇ ವಾಪಸು ಒಯ್ದರೆ ತಾನು ಅದನ್ನು ಎಲ್ಲಿ ಸುರಿಯುವುದು ಎಂದು ಕೇಳಿದ. ಅವನ ದನಿಯಲ್ಲಿ ಜಗಳವಿರಲಿಲ್ಲ, ಪೇಚಾಟವಿತ್ತು.

ಆಸ್ಯಾ ಲಾರಿಯ ಸಂದಿನಿಂದ ಉದುರಿದ ಮಣ್ಣನ್ನು ಒಂದು ಹಿಡಿ ತೆಗೆದು ಬೆರಳುಗಳ ನಡುವೆ ಉಜ್ಜಿದಳು. ಕಲ್ಲಿನ ನುರುಜು ಸೇರಿದ ಒರಟು ಮಣ್ಣು. ನೀರು ಬಿದ್ದರೆ ಹಿಡಿದಿಟ್ಟುಕೊಳ್ಳದೆ ಕೆಳಗೆ ಬಿಡುವಂಥದ್ದು. ಒಂದು ಕ್ಷಣ ಅವಳು ಆ ಹಿಡಿ ಮಣ್ಣನ್ನೇ ನೋಡುತ್ತ ನಿಂತಳು. ಆಮೇಲೆ ಒಂದು ಕೋಲು ಹೆಕ್ಕಿ, ಮನೆಯ ಕಡೆಯ ಗೋಡೆಯುದ್ದಕ್ಕೂ, ತಗ್ಗಿನಿಂದ ಎರಡು ಮಾರು ಈಚೆಗೆ, ನೆಲದ ಮೇಲೆ ಗೀಟು ಎಳೆದಳು.

"ಒಂದು ಲೋಡು ಇಲ್ಲಿ ಸುರಿಯಿರಿ. ಗುಡ್ಡೆ ಮಾಡಬೇಡಿ, ಉದ್ದಕ್ಕೆ ಹರಡಿ. ಮೊಣಕಾಲೆತ್ತರ ಸಾಕು. ಹಿಂದಿನ ಲಾರಿಯನ್ನು ತಿರುಗಿಸಲಿಕ್ಕೆ ಹೇಳಿ."

"ಸಾಹುಕಾರ್ರಿಗೆ ನಾನು ಎಂತ ಹೇಳುವುದು ಅಕ್ಕ?"

"ಆಸ್ಯಾ ಹೇಳಿದಳು ಅಂತ ಹೇಳಿ."

ಬ್ಯಾಪ್ಟಿಸ್ಟ್ ಅವಳ ಮುಖ ನೋಡಿದ, ಗೀಟು ನೋಡಿದ, ಲಾರಿಯನ್ನು ಹಿಂದಕ್ಕೆ ತೆಗೆದು ಗೋಡೆಯ ಬದಿಗೆ ತಂದ. ಅವನೂ ಅವನ ಇಬ್ಬರು ಆಳುಗಳೂ ಅರ್ಧ ಗಂಟೆಯಲ್ಲಿ ಮಣ್ಣು ಹರಡಿ ಮುಗಿಸಿದರು. ಹಿಂದಿನ ಲಾರಿ ಅಷ್ಟರಲ್ಲೇ ಹೋಗಿಯಾಗಿತ್ತು. ಹೋದದ್ದು ನೇರ ಪಡುಬಿದ್ರಿಗೆ ಇರಬೇಕು. ಏಕೆಂದರೆ ಹೆಚ್ಚು ಹೊತ್ತಾಗುವ ಮೊದಲೇ ಪುತ್ತುಬ್ಬನ ಸ್ಕೂಟರ್ ಬಂತು.

ಅವನು ಸ್ಕೂಟರನ್ನು ಸ್ಟ್ಯಾಂಡ್ ಹಾಕದೆ ಗೋಡೆಗೆ ಒರಗಿಸಿ ನಡೆದು ಬಂದ. ಆಸ್ಯಾ ಆಗಲೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊಸ ಪಾತಿಯ ಹೆಂಟೆ ಒಡೆಯುತ್ತಿದ್ದಳು. ಹೆದ್ದಾರಿಯ ಬಸ್‌ಸ್ಟಾಪಿನಲ್ಲಿ ನಿಂತವರು ತಿರುಗಿ ನೋಡುತ್ತಿದ್ದರು. ಯಾರನ್ನು ಕೇಳಿ ಇದನ್ನು ಮಾಡಿದೆ ಎಂದು ಪುತ್ತುಬ್ಬ ಕೇಳಿದ. ಯಾರನ್ನೂ ಕೇಳಲಿಲ್ಲ ಎಂದಳು. ನಾಲ್ಕು ಜನ ನಗುತ್ತಾರೆ ಎಂದ. ಮೊದಲೇ ನಕ್ಕಾಗಿದೆ ಎಂದಳು. ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಆಡದಿದ್ದ ಮಾತು ಆಗ ಅವನ ಬಾಯಿಂದ ಬಂತು.

"ನಿನಗೆ ಮಕ್ಕಳಿಲ್ಲ. ಇನ್ನು ಆಗುವುದೂ ಇಲ್ಲ. ಕಡೆಗೆ ಈ ಜಾಗ ಯಾರಿಗೆ? ನನ್ನ ಮಕ್ಕಳಿಗೇ ಅಲ್ವಾ? ಅವರಿಗೆ ಉಪಯೋಗ ಆಗುವ ಹಾಗೆ ಈಗಲೇ ಮಾಡಿದರೆ ನಿನಗೆ ಎಂತ ಹೋಗುತ್ತದೆ? ನಿನಗೆ ಯಾಕೆ ಬೇಕು ಜಾಗ?"

ಆಸ್ಯಾಳ ಕೈಯಲ್ಲಿ ಹಾರೆಯಿತ್ತು. ಅವಳು ಅದನ್ನು ಮಣ್ಣಿಗೆ ಊರಿ, ಅದರ ಮೇಲೆ ಎರಡೂ ಕೈ ಇಟ್ಟು ನಿಂತಳು.

"ಕಡೆಗೆ ಯಾರಿಗೆ ಅಂತ ನನಗೆ ಗೊತ್ತಿಲ್ಲ ಕಾಕ. ಈಗ ನನಗೆ. ಮಕ್ಕಳಿಗೆ ಅಂತ ಅಲ್ಲ, ಮನೆಗೆ ಅಂತ ಅಲ್ಲ. ನನಗೆ ಬೇಕು, ಅಷ್ಟೇ."

ಪುತ್ತುಬ್ಬ ತಂಗಿಯ ಮುಖದಲ್ಲಿ ಅಳು ಬರುತ್ತದೆಂದು ಕಾದ. ಅದು ಬರಲಿಲ್ಲ. ಅವನು ಹೇಳಿದ್ದು ಎಂಥ ಮಾತೆಂದು ಅವನಿಗೇ ಆಗ ತಿಳಿಯಿತೋ ಏನೋ, ತಲೆ ತಗ್ಗಿಸಿ ಸ್ಕೂಟರಿನ ಕಡೆ ನಡೆದ. ಅದನ್ನು ಚಾಲೂ ಮಾಡಲು ನಾಲ್ಕೈದು ಸಲ ಒದೆಯಬೇಕಾಯಿತು. ಆ ದಿನದಿಂದ ಅವನು ತಂಗಿಯ ಮನೆಗೆ ಬರುವುದನ್ನು ಬಿಟ್ಟ.

ಅಂದೇ ಆಸ್ಯಾ ನೆಟ್ಟಳು. ಬಟ್ಟಲಿನಲ್ಲಿ ಹಳದಿ, ಅಂಚಿನಲ್ಲಿ ನೀಲಿ, ಹೊಸ ಪಾತಿಯ ಒಂದು ಕೊನೆಯಲ್ಲಿ ಚುಕ್ಕೆಯ ಹೂ, ಇನ್ನೊಂದು ಕೊನೆಯಲ್ಲಿ ನಡೆಯುವ ಐರಿಸ್. ಗೋಡೆಯ ನೆರಳಿಗೆ ಅದೇ ಸರಿ ಎಂದು ಅವಳಿಗೆ ಅನಿಸಿತ್ತು. ಹಳದಿಗೆ ಮೊದಲ ಬೇಸಿಗೆಯಲ್ಲಿ ಬಾವಿಯಿಂದ ದಿನವೂ ಹತ್ತು ಕೊಡ ನೀರು ಹೊರಬೇಕಾಯಿತು. ಹೊತ್ತಳು. ಅದು ಆಳೆತ್ತರ ಬೆಳೆಯಿತು, ಎಲೆಯ ಮೇಲೆ ಎಲೆ, ಆದರೆ ಹೂ ಬಿಡಲಿಲ್ಲ. ಆ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ. ಅದಕ್ಕೆ ಚಳಿ ಬೇಕು, ನಿಮ್ಮಲ್ಲಿ ಬರೀ ಎಲೆಯೇ ಇರಬಹುದು ಎಂದು ನರ್ಸರಿಯ ಅಜ್ಜ ಬರೆದರು. ಇರಲಿ ಎಂದುಕೊಂಡಳು ಆಸ್ಯಾ. ಕಿತ್ತೊಗೆಯಲಿಲ್ಲ. ಎಲೆಗಳ ನಡುವೆ ನೀರುಕೋಳಿಯೊಂದು ಬಂದು ಮೊಟ್ಟೆ ಇಟ್ಟಿತು.

ಚುಕ್ಕೆಯ ಹೂ ಆಗಸ್ಟಿನ ಮಳೆಯ ನಡುವೆಯೇ ಅರಳಿತು, ಯಾವ ಹಂಗೂ ಇಲ್ಲದೆ. ಜೌಗಿನ ನೀಲಿ ಮೂರನೆಯ ವರ್ಷದ ಫೆಬ್ರವರಿಯಲ್ಲಿ ಒಂದೇ ಒಂದು ದಂಟು ಎತ್ತಿತು. ಅದರಲ್ಲಿ ಎರಡು ಹೂ. ಎಸಳಿನ ಮೇಲೆ ಕೂದಲಿರಲಿಲ್ಲ, ಕ್ಯಾಲೆಂಡರಿನ ಹೂವಿನಷ್ಟು ದೊಡ್ಡದೂ ಇರಲಿಲ್ಲ. ಆಸ್ಯಾ ಮೊದಲ ಬಸ್ಸಿಗೆ ಮಣಿಪಾಲಕ್ಕೆ ಹೋಗಿ, ರಾತ್ರಿ ಪಾಳಿ ಮುಗಿಸಿದ ಆಲಿಸಳನ್ನು ನಿದ್ದೆಗಣ್ಣಿನಲ್ಲೇ ಕಾಪುವಿಗೆ ಎಳೆದು ತಂದಳು. ಆಲಿಸ್ ಚಪ್ಪಲಿ ಕಳಚಿ ತಗ್ಗಿಗೆ ಇಳಿದು ಹತ್ತಿರದಿಂದ ನೋಡಿದಳು. ನಮ್ಮಲ್ಲಿ ಬರುವುದಿಲ್ಲ ಎಂದು ನಾನೇ ಹೇಳಿದ್ದಲ್ವಾ ಎಂದಳು. ಹೌದು, ನೀನೇ ಎಂದಳು ಆಸ್ಯಾ.

ಆದರೆ ಆ ಜಾಗವನ್ನು ನಿಜವಾಗಿ ಗೆದ್ದದ್ದು ನಡೆಯುವ ಐರಿಸ್. ಬೆಳಿಗ್ಗೆ ಬಿಳಿ ಎಸಳು, ನಡುವೆ ನೇರಳೆ ಸುರುಳಿ. ಸಂಜೆಗೆ ಮುದುಡಿ ಮುಗಿಯಿತು. ವಿಚಿತ್ರವೆಂದರೆ ಪಾತಿಯಲ್ಲಿದ್ದ ಅಷ್ಟೂ ಗಿಡಗಳು ಮಾತಾಡಿಕೊಂಡ ಹಾಗೆ ಒಂದೇ ದಿನ ಅರಳುತ್ತಿದ್ದವು, ಮತ್ತೆ ವಾರಗಟ್ಟಲೆ ಸುಮ್ಮನಿರುತ್ತಿದ್ದವು. ಎರಡು ವರ್ಷಗಳಲ್ಲಿ ಅದು ಗೋಡೆಯುದ್ದಕ್ಕೂ ನಡೆದು ಬಂತು.

ರಜೆಯಲ್ಲಿ ಬಂದ ಹಾಜಬ್ಬನಿಗೆ ಅಂಥದ್ದೊಂದು ಬೆಳಿಗ್ಗೆ ಸಿಕ್ಕಿತು. ಅವನು ಚಹಾದ ಲೋಟ ಹಿಡಿದು ಬಂದು ಪಾತಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ. ಬಹಳ ಹೊತ್ತು ಕುಳಿತ. ಅಂಗಡಿ ಕಟ್ಟಿಸಿದ್ದರೂ ಒಳ್ಳೆಯದೇ ಇತ್ತು ಎಂದು ಕಡೆಗೆ ಹೇಳಿದ. ಇರಬಹುದು ಎಂದಳು ಆಸ್ಯಾ. ಅವಳಿಗೆ ಅವನ ಒಪ್ಪಿಗೆ ಬೇಕೆನಿಸಲಿಲ್ಲ. ಅದು ಬೇಕೆನಿಸದಿದ್ದದ್ದು ಅವಳಿಗೇ ಸ್ವಲ್ಪ ಆಶ್ಚರ್ಯವಾಯಿತು. ಮಧ್ಯಾಹ್ನ ಅವನೇ ಹಾರೆ ತೆಗೆದುಕೊಂಡು ಪಾತಿಯನ್ನು ಇನ್ನೂ ಎರಡು ಮಾರು ಉದ್ದ ಮಾಡಿಕೊಟ್ಟ.

ಹೆಂಗಸರು ಗಿಡ ಕೇಳಿಕೊಂಡು ಬರತೊಡಗಿದರು, ಎರ್ಮಾಳಿನಿಂದ, ಪಡುಬಿದ್ರಿಯಿಂದ. ಆಸ್ಯಾ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದಳು. ನಿಮ್ಮ ಅಂಗಳದಲ್ಲಿ ನೀರು ಎಲ್ಲಿ ನಿಲ್ಲುತ್ತದೆ? ಗೊತ್ತಿಲ್ಲ ಎಂದವರನ್ನು, ಒಂದು ಮಳೆಗಾಲ ನೋಡಿಕೊಂಡು ಬನ್ನಿ ಎಂದು ಬರಿಗೈಯಲ್ಲಿ ಕಳಿಸಿದಳು. ಅವಳಿಗೆ ಜಂಬ ಎಂಬ ಮಾತು ಹುಟ್ಟಿಕೊಂಡಿತು. ಅದು ಕಿವಿಗೆ ಬಿದ್ದಾಗ ಅವಳು ಅಲ್ಲಗಳೆಯಲಿಲ್ಲ.

೧೯೮೩ರ ಅಕ್ಟೋಬರಿನಲ್ಲಿ ಒಂದು ದಿನ ಪುತ್ತುಬ್ಬನ ಹೆಂಡತಿ ಖೈರುನ್ನಿಸಾ ಬಂದಳು. ಸುಮಾರು ನಾಲ್ಕು ವರ್ಷದಲ್ಲಿ ಮೊದಲ ಸಲ, ಗಂಡನಿಗೆ ತಿಳಿಸದೆ. ಜಗಲಿಯಲ್ಲಿ ಕುಳಿತು ಅದೂ ಇದೂ ಮಾತಾಡಿದಳು. ಎದ್ದು ನಿಂತ ಮೇಲೆ, ತನಗೂ ಆ ನಡೆಯುವ ಗಿಡದ ಒಂದು ಮರಿ ಬೇಕಿತ್ತು ಎಂದಳು. ನೀರು ಎಲ್ಲಿ ನಿಲ್ಲುತ್ತದೆಂದು ಅತ್ತಿಗೆಯನ್ನು ಕೇಳುವುದು ಹೇಗೆಂದು ಆಸ್ಯಾ ಅನುಮಾನಿಸುತ್ತಿದ್ದಾಗ ಖೈರುನ್ನಿಸಾಳೇ ಹೇಳಿದಳು. ಪಡುವಣ ಮೂಲೆಯಲ್ಲಿ ನಿಲ್ಲುತ್ತದೆ, ಬಾಗಿಲಿನ ಎದುರು ನಿಲ್ಲುವುದಿಲ್ಲ, ಈ ಮಳೆಗಾಲವಿಡೀ ನೋಡಿದ್ದೇನೆ. ಆಸ್ಯಾ ಮೂರು ಮರಿಗಳನ್ನು ದಂಟಿನಿಂದ ಬಿಡಿಸಿ, ಹಸಿ ಮಣ್ಣು ಮೆತ್ತಿ, ಬಾಳೆಲೆಯಲ್ಲಿ ಕಟ್ಟಿ ಕೊಟ್ಟಳು.

ಅದರ ಮರುವರ್ಷದ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಸ್ಕೂಟರಿನ ಸದ್ದಾಯಿತು. ಪುತ್ತುಬ್ಬ. ಗಡ್ಡ ಬೆಳ್ಳಗಾಗಿತ್ತು. ಅವನು ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತ. ಸಿಟ್ಟಿನಲ್ಲೇ ಬಂದಿದ್ದ.

"ನಿನ್ನ ಹುಚ್ಚನ್ನು ಇವಳಿಗೂ ಹಿಡಿಸಿದೆಯಲ್ಲ. ಇವತ್ತು ಬೆಳಿಗ್ಗೆಯಿಂದ ಚಹಾ ಇಲ್ಲ, ತಿಂಡಿ ಇಲ್ಲ, ಬಾಗಿಲಲ್ಲಿ ಕುಳಿತವಳು ಏಳುವುದೇ ಇಲ್ಲ."

ಆಸ್ಯಾ ತನ್ನ ಪಾತಿಯ ಕಡೆ ನೋಡಿದಳು. ಅಲ್ಲಿ ಆ ದಿನ ಎಣಿಸಲಾಗದಷ್ಟು ಅರಳಿದ್ದವು.

"ಅಲ್ಲಿ ಎಷ್ಟು ಬಿಟ್ಟಿದೆ ಕಾಕ?"

"ಏಳು," ಎಂದ ಪುತ್ತುಬ್ಬ. ಹೇಳಿದ ಮೇಲೆ ಅವನಿಗೆ ತನ್ನ ಮೇಲೆಯೇ ಕೋಪ ಬಂದ ಹಾಗೆ ಕಂಡಿತು. ಮುಖ ತಿರುಗಿಸಿಕೊಂಡು ಹೆದ್ದಾರಿಯನ್ನು ನೋಡಿದ. ಆಸ್ಯಾ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಕೂರಲು ಅವಳು ಹೇಳಲಿಲ್ಲ. ಅವನು ತಾನಾಗಿ ಮೆಟ್ಟಿಲ ಮೇಲೆ ಕುಳಿತ.